ಲೆಕ್ಕದಲ್ಲಿ ಬದಲಾಗದೆ ಉಳಿಯುವುದು ಯಾವುದು?

ಒಂದು ಹೆಚ್ಚಿದಂತೆ ಇನ್ನೊಂದೂ ಹೆಚ್ಚಿದರೆ ನೇರ ಅನುಪಾತ, ಕಡಿಮೆಯಾದರೆ ವಿಲೋಮ ಅನುಪಾತ ಎಂದು ಬಹಳಷ್ಟು ಮಂದಿ ಕಲಿತಿರುತ್ತಾರೆ. ಇದು ಅರ್ಧ ಸತ್ಯ. ಚೌಕದ ಬಾಹು ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ. ತಾಯಿಯ ವಯಸ್ಸು, ಮಗಳ ವಯಸ್ಸು ಜೊತೆಜೊತೆಗೇ ಏರುತ್ತವೆ, ಆದರೆ ಅಲ್ಲಿ ಸ್ಥಿರವಾಗಿರುವುದು ವ್ಯತ್ಯಾಸ. ಇವೆರಡೂ ನೇರ ಅನುಪಾತವಲ್ಲ.

ಹಾಗಾಗಿ ಲೆಕ್ಕ ಕೈಗೆತ್ತಿಕೊಂಡ ಕೂಡಲೇ ಬದಲಾಗದ್ದನ್ನು ಹುಡುಕಬೇಕು. ಒಂದೇ ವೇಗದ ವಾಹನ 2 ಗಂಟೆಯಲ್ಲಿ 120 ಕಿ.ಮೀ. ಹೋದರೆ 5 ಗಂಟೆಯಲ್ಲಿ 300 ಕಿ.ಮೀ. ಹೋಗುತ್ತದೆ. ದೂರವನ್ನು ಕಾಲದಿಂದ ಭಾಗಿಸಿ: ಎರಡು ಸಲವೂ 60. ಭಾಗಲಬ್ಧ ಸ್ಥಿರವಾಗಿದ್ದರೆ ನೇರ ಅನುಪಾತ.

ಈಗ ದೂರ 240 ಕಿ.ಮೀ. ಎಂದು ನಿಗದಿಯಾಗಿರಲಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ 6 ಗಂಟೆ, 60ರಲ್ಲಿ 4, 80ರಲ್ಲಿ 3. ವೇಗ ಮತ್ತು ಕಾಲದ ಗುಣಲಬ್ಧ ಪ್ರತಿ ಸಲವೂ 240. ಇದು ವಿಲೋಮ ಅನುಪಾತ, ಮತ್ತು ನಮ್ಮ ಅಂದಾಜು ಎಡವುವುದು ಹೆಚ್ಚಾಗಿ ಇಲ್ಲಿಯೇ. ವೇಗವನ್ನು 20ರಿಂದ 40ಕ್ಕೆ ಏರಿಸಿದರೆ 12 ಗಂಟೆಯ ಪಯಣದಲ್ಲಿ 6 ಗಂಟೆ ಉಳಿತಾಯವಾಗುತ್ತದೆ. ಅದೇ 20 ಕಿ.ಮೀ. ಹೆಚ್ಚಳವನ್ನು 80ರ ಮೇಲೆ ಸೇರಿಸಿದರೆ ಉಳಿತಾಯ ಬರೀ 36 ನಿಮಿಷ! ಇನ್ನೊಂದು ನೋಡಿ: ಅದೇ 240 ಕಿ.ಮೀ. ದಾರಿಯಲ್ಲಿ ಹೋಗುವಾಗ ವೇಗ 40, ಬರುವಾಗ 60. ಸರಾಸರಿ 50 ಎಂದು ಬಾಯಿಗೆ ಬಂದುಬಿಡುತ್ತದೆ. ಆದರೆ 480 ಕಿ.ಮೀ.ಗೆ ಹಿಡಿದದ್ದು 10 ಗಂಟೆ, ಅಂದರೆ ಸರಾಸರಿ 48. ನಿಧಾನದ ಪಯಣ ಹೆಚ್ಚು ಹೊತ್ತು ನಡೆಯುವುದರಿಂದ ಸರಾಸರಿಯನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಅನುಪಾತದ ಪಾಠದಲ್ಲಿ ನನಗೆ ಅತ್ಯಂತ ಇಷ್ಟವಾದ ಲೆಕ್ಕವಿದು.

ಈ ಎರಡು ಬಗೆಯನ್ನು ಬೇರ್ಪಡಿಸಿ ಹೇಳುವ ಪದ್ಧತಿ ಹಳೆಯದು. ಗಣಿತಜ್ಞ ಬ್ರಹ್ಮಗುಪ್ತ ಕ್ರಿ.ಶ. 628ರಲ್ಲೇ ತ್ರೈರಾಶಿಕಕ್ಕೊಂದು (ನೇರ ಅನುಪಾತದಲ್ಲಿ ಗೊತ್ತಿರುವ ಮೂರು ಸಂಖ್ಯೆಗಳಿಂದ ನಾಲ್ಕನೆಯದನ್ನು ಕಂಡುಹಿಡಿಯುವ ಲೆಕ್ಕ), ವ್ಯಸ್ತ ತ್ರೈರಾಶಿಕಕ್ಕೊಂದು (ವಿಲೋಮ ಅನುಪಾತದಲ್ಲಿ ಅದೇ ಬಗೆಯ ಲೆಕ್ಕ) ಸೂತ್ರ ಕೊಟ್ಟಿದ್ದ.

ಕೆಲಸ ಅಷ್ಟೇ ಇರುವಾಗ ಆಳುಗಳ ಮತ್ತು ದಿನಗಳ ಲೆಕ್ಕವೂ ವಿಲೋಮವೇ. 6 ಜನ 10 ದಿನದಲ್ಲಿ ಮುಗಿಸುವ ಗೋಡೆಯನ್ನು 15 ಜನ 4 ದಿನದಲ್ಲಿ ಮುಗಿಸುತ್ತಾರೆ, ಗುಣಲಬ್ಧ 60. ಆದರೆ ಎಲ್ಲರ ಕೆಲಸದ ವೇಗ ಒಂದೇ, ಒಬ್ಬರಿಗೊಬ್ಬರು ಅಡ್ಡಿಯಾಗುವುದಿಲ್ಲ ಎಂಬ ಊಹೆ ಇದರಡಿಯಲ್ಲಿದೆ. ಅದನ್ನು ಮಕ್ಕಳಿಗೆ ಬಾಯಿಬಿಟ್ಟು ಹೇಳಲೇಬೇಕು. ಇಲ್ಲದಿದ್ದರೆ 600 ಜನ ಸೇರಿ ಅದೇ ಗೋಡೆಯನ್ನು ದಿನದ ಹತ್ತನೇ ಒಂದು ಭಾಗದಲ್ಲಿ ಕಟ್ಟುತ್ತಾರೆ ಎಂಬ ಉತ್ತರವೂ ಸರಿಯೆನಿಸುತ್ತದೆ.

ಅನುಪಾತವೇ ಇಲ್ಲದ ಲೆಕ್ಕಗಳನ್ನೂ ನಡುನಡುವೆ ಕೊಡುವುದು ಒಳ್ಳೆಯದು. ಬಿಸಿಲಲ್ಲಿ ಹರಡಿದ ಒಂದು ಬಟ್ಟೆ 2 ಗಂಟೆಯಲ್ಲಿ ಒಣಗಿದರೆ, ಅಂಥವೇ 10 ಬಟ್ಟೆಗಳನ್ನು ಬಿಡಿಬಿಡಿಯಾಗಿ ಹರಡಿದಾಗ ಎಷ್ಟು ಹೊತ್ತು ಬೇಕು? ಆಗಲೂ 2 ಗಂಟೆಯೇ.