ನಿದ್ದೆಯ ಕಾಲಂ ಎಲ್ಲಿ?

ಮೊನ್ನೆ ಒಬ್ಬರು ಲ್ಯಾಪ್‌ಟಾಪ್ ಸಮೇತ ಬಂದರು. ಕೂತವರೇ ಅದನ್ನು ತೆರೆದು ನನ್ನ ಕಡೆ ತಿರುಗಿಸಿದರು. ಎಕ್ಸೆಲ್ ಶೀಟು. ಎಡಗಡೆ ಗಂಟೆಗಳು, ಮೇಲೆ ದಿನಗಳು, ನಡುವೆ ಹಸಿರು, ಹಳದಿ, ಕೆಂಪು ಚೌಕಗಳು. ಹಸಿರು ಅಂದರೆ ಚುರುಕು, ಕೆಂಪು ಅಂದರೆ ಸುಸ್ತು. ಮೂರು ವಾರ ಗಂಟೆಗೊಂದು ಸಲ ತುಂಬಿದ್ದಾರಂತೆ.

"ಮೇಡಂ, ಬೆಳಗ್ಗೆ ಪೂರ್ತಿ ಕೆಂಪು. ರಾತ್ರಿ 9ರ ಮೇಲೇನೇ ಹಸಿರು. ನಾನು ಪಕ್ಕಾ ಗೂಬೆ. ಮುಖ್ಯ ಕೆಲಸ ಎಲ್ಲಾ ರಾತ್ರಿಗೇ ಹಾಕ್ಕೊಳ್ಳಲಾ?"

ಶೀಟು ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಇಷ್ಟು ಅಚ್ಚುಕಟ್ಟಾಗಿ ನಾನೇ ಏನನ್ನೂ ಬರೆದಿಟ್ಟವಳಲ್ಲ. ಆದರೆ ಅಷ್ಟು ಬಣ್ಣಗಳ ನಡುವೆ ನಿದ್ದೆಗೆ ಒಂದು ಕಾಲಂ ಇರಲಿಲ್ಲ. ಕೇಳಿದೆ. ಮಲಗುವುದು ಒಂದೂವರೆಗೆ, ಅಲಾರಂ ಆರೂವರೆಗೆ. ಭಾನುವಾರ ಮಾತ್ರ ಹನ್ನೊಂದರ ತನಕ ನಿದ್ದೆ.

ನಿದ್ದೆಯ ತೊಂದರೆಗಳನ್ನೇ ನೋಡುವ ವೈದ್ಯೆ ನಾನು. ಈಚೆಗೆ ಕಾಯಿಲೆ ಇಲ್ಲದವರೂ ಬರುತ್ತಾರೆ. ತಮ್ಮ ಚುರುಕಿನ ಹೊತ್ತು ಯಾವುದು ಅಂತ ತಿಳಿದು, ಅದಕ್ಕೆ ತಕ್ಕಂತೆ ಕೆಲಸ ಜೋಡಿಸಿಕೊಳ್ಳಬೇಕು ಅನ್ನುತ್ತಾರೆ. ಆಸೆ ಒಳ್ಳೆಯದೇ. ತಾಳ್ಮೆ ಕೆಡುವುದು ಒಂದೇ ಕಡೆ: ಬಹಳಷ್ಟು ಜನ ನಿದ್ದೆಗೆಟ್ಟ ಮೈಯನ್ನು ಅಳೆದು, ಇದೇ ನನ್ನ ಸ್ವಭಾವ ಅಂತ ತೀರ್ಮಾನ ಮಾಡಿಬಿಡುತ್ತಾರೆ. ಹಸಿದು ಕಂಗಾಲಾದವನ ಹತ್ತಿರ ನಿನಗೆ ಯಾವ ರುಚಿ ಇಷ್ಟ ಅಂತ ಕೇಳಿದ ಹಾಗೆ. ಅವನು ಏನು ಕೊಟ್ಟರೂ ಚೆನ್ನಾಗಿದೆ ಅಂತಾನೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಒಂದು ವಿಷಯವನ್ನು ಎಷ್ಟು ಸಲ ಹೇಳಿದರೂ ಬಾಗಿಲು ದಾಟುವಷ್ಟರಲ್ಲಿ ಮರೆತುಹೋಗುತ್ತದೆ.

ನಮ್ಮನ್ನು ಎಳೆದಾಡುವುದು ಎರಡು. ಒಂದು, ನಿದ್ದೆಯ ಒತ್ತಡ. ಎದ್ದ ಗಳಿಗೆಯಿಂದ ಏರುತ್ತಾ ಹೋಗುತ್ತದೆ, ಮಲಗಿದರೆ ಇಳಿಯುತ್ತದೆ. ಇನ್ನೊಂದು, ಮೆದುಳಿನೊಳಗಿನ ಗಡಿಯಾರ. ಸುಮಾರು 20,000 ನರಕೋಶಗಳ ಪುಟ್ಟ ಗುಂಪು. ಇದರ ಒಂದು ಸುತ್ತು 24 ಗಂಟೆಗಿಂತ ಚೂರು ಜಾಸ್ತಿ, ದಿನಾ ಬೆಳಕು ನೋಡಿ ತನ್ನನ್ನು ತಾನೇ ಸರಿ ಮಾಡಿಕೊಳ್ಳುತ್ತದೆ. ಗಡಿಯಾರ ಗಿಡಗಳಿಗೂ ಉಂಟು. ಸೂರ್ಯನ ಬೆಳಕು ಬೀಳದ ಕಡೆ ಇಟ್ಟ ನಾಚಿಕೆ ಗಿಡದ ಎಲೆ ಹೊತ್ತಿಗೆ ಸರಿಯಾಗಿ ಬಿಚ್ಚಿ ಮುಚ್ಚುವುದನ್ನು ಫ್ರಾನ್ಸಿನ ವಿಜ್ಞಾನಿ ದ ಮೇರಾನ್ 1729ರಲ್ಲೇ ಗಮನಿಸಿದ್ದ. ಇರಲಿ, ಮನುಷ್ಯರ ಕಡೆ ಬರೋಣ.

ಈ ಗಡಿಯಾರ ನಮ್ಮನ್ನು ಅತಿ ಜೋರಾಗಿ ಎಚ್ಚರ ಇಡುವುದು ಯಾವಾಗ ಗೊತ್ತಾ? ಬೆಳಗ್ಗೆ ಅಲ್ಲ. ಸಂಜೆಯ ಮೇಲೆ, ಮಾಮೂಲಾಗಿ ಮಲಗುವ ಹೊತ್ತಿಗೆ ಎರಡು ಮೂರು ಗಂಟೆ ಮುಂಚೆ. ಈಗ ಐದೇ ಗಂಟೆ ಮಲಗಿದವರನ್ನು ತಗೊಳ್ಳಿ. ಬೆಳಗ್ಗೆ ಹಳೆಯ ಒತ್ತಡ ಪೂರ್ತಿ ಇಳಿದಿಲ್ಲ, ಗಡಿಯಾರವೂ ಇನ್ನೂ ಕೈ ಜೋಡಿಸಿಲ್ಲ. ಮಂಕು ಕವಿದಿರುತ್ತದೆ. ರಾತ್ರಿಯಾದರೆ ಗಡಿಯಾರ ಹಿಂದಿನಿಂದ ನೂಕುತ್ತದೆ, ಜೊತೆಗೆ ಫೋನು ಸುಮ್ಮನಿರುತ್ತದೆ, ಯಾರೂ ಕರೆಯುವುದಿಲ್ಲ. ಆಹಾ, ನಾನು ಗೂಬೆ! ಹಾಗೆ ನೋಡಿದರೆ ನಿದ್ದೆಗೆಟ್ಟವರೆಲ್ಲ ಗೂಬೆಗಳೇ.

"ನನಗೆ ಐದಾರು ಗಂಟೆ ಸಾಕು, ಅಭ್ಯಾಸ ಆಗಿಹೋಗಿದೆ" ಅನ್ನುವವರಿಗೂ ಒಂದು ಮಾತು. 2003ರಲ್ಲಿ ಪ್ರಕಟವಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ ಕೆಲವರಿಗೆ 14 ದಿನ ರಾತ್ರಿ 6 ಗಂಟೆ ಮಾತ್ರ ಮಲಗಲು ಬಿಟ್ಟರು. ಗಮನದ ಪರೀಕ್ಷೆಗಳಲ್ಲಿ ಅವರು ದಿನದಿಂದ ದಿನಕ್ಕೆ ಇಳಿಯುತ್ತಲೇ ಹೋದರು. ಎಷ್ಟು ಸುಸ್ತು ಅಂತ ಕೇಳಿದರೆ ಮಾತ್ರ, ಮೊದಲ ಕೆಲವು ದಿನಗಳ ಮೇಲೆ ಹೇಳಿಕೊಳ್ಳುವಷ್ಟು ಹೆಚ್ಚಿಲ್ಲ ಅನ್ನುತ್ತಿದ್ದರು. ಅಂದರೆ ಕೆಟ್ಟಿರುವುದು ಅವರಿಗೇ ಗೊತ್ತಾಗುತ್ತಿರಲಿಲ್ಲ. ಇಂಥ ತಲೆಯಿಂದ ಹಸಿರು ಕೆಂಪು ತುಂಬಿದರೆ ಆ ಶೀಟನ್ನು ಎಷ್ಟು ನಂಬೋಣ ಹೇಳಿ.

ನಿಜವಾದ ಗೂಬೆಗಳು ಇಲ್ಲ ಅಂತಲ್ಲ. ಇದ್ದಾರೆ. ಹದಿಹರೆಯದಲ್ಲಿ ಗಡಿಯಾರ ತಡವಾಗುತ್ತದೆ, ವಯಸ್ಸಾಗುತ್ತಾ ಮುಂಚೆಗೆ ಬರುತ್ತದೆ. ಹದಿನೇಳರ ಮಗನನ್ನು ಸೋಮಾರಿ ಅಂತ ಎಳೆದುಕೊಂಡು ಬರುವ ಅಪ್ಪಂದಿರಿಗೆ ಇದನ್ನು ಹೇಳಿದರೆ ಹಿಡಿಸುವುದಿಲ್ಲ. ಹುಡುಗ ಮಾತ್ರ ನನ್ನನ್ನು ದೇವರ ಥರ ನೋಡುತ್ತಾನೆ. ಮೈಯ ವ್ಯತ್ಯಾಸ ಎಷ್ಟಿರುತ್ತದೆ ಅನ್ನುವುದಕ್ಕೆ ಹಳೆಯ ಕಥೆಯೊಂದಿದೆ. 1938ರಲ್ಲಿ ನಿದ್ದೆಯ ವಿಜ್ಞಾನಿ ಕ್ಲೈಟ್‌ಮನ್ ತನ್ನ ಶಿಷ್ಯನ ಜೊತೆ ಅಮೆರಿಕದ ಮ್ಯಾಮತ್ ಗುಹೆಯಲ್ಲಿ 32 ದಿನ ಇದ್ದ. ದಿನಕ್ಕೆ 28 ಗಂಟೆ ಅಂತ ಇಟ್ಟುಕೊಂಡು ಬದುಕಿ ನೋಡುವ ಪ್ರಯೋಗ. ಶಿಷ್ಯನ ಮೈ ಒಗ್ಗಿಕೊಂಡಿತು, ಗುರುವಿನದು ಜಪ್ಪಯ್ಯ ಅಂದರೂ 24 ಗಂಟೆ ಬಿಡಲಿಲ್ಲ.

ಹಾಗಾದರೆ ಅಳೆಯುವುದು ಹೇಗೆ? ನಾನು ಹೇಳುವುದು ಇಷ್ಟು. ಎರಡು ವಾರ, ಪ್ರತಿ ರಾತ್ರಿ ಒಂದೇ ಹೊತ್ತಿಗೆ ಮಲಗಿ. ದೊಡ್ಡವರಿಗೆ 7 ಗಂಟೆಯಾದರೂ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಭಾನುವಾರಕ್ಕೂ ರಜೆ ಇಲ್ಲ. ಮೊದಲ ನಾಲ್ಕೈದು ದಿನದ ಲೆಕ್ಕ ಬಿಟ್ಟುಬಿಡಿ, ಆಗ ಮೈ ಹಳೆಯ ಸಾಲ ತೀರಿಸುತ್ತಿರುತ್ತದೆ. ಆಮೇಲೆ ಎರಡೆರಡು ಗಂಟೆಗೆ ಒಂದು ಅಂಕಿ ಬರೆದುಕೊಳ್ಳಿ, ಸಾಕು. ಕಾಫಿ ಕುಡಿಯುವ ಮುಂಚೆ ಬರೆಯಿರಿ, ಕುಡಿದ ಮೇಲಲ್ಲ. ಕಾಫಿ ನಿದ್ದೆಯ ಒತ್ತಡವನ್ನು ಇಳಿಸುವುದಿಲ್ಲ, ಮುಚ್ಚಿಡುತ್ತದೆ. ಮೈಯಲ್ಲಿ ಅದು ಅರ್ಧಕ್ಕೆ ಇಳಿಯುವುದಕ್ಕೇ ಸುಮಾರು ಐದು ಗಂಟೆ ಬೇಕು.

ಮಧ್ಯಾಹ್ನದ ಮಂಪರಿಗೆ ಊಟವನ್ನು ಪೂರ್ತಿ ಬೈಯಬೇಡಿ. ಉಣ್ಣದಿದ್ದರೂ ಆ ಹೊತ್ತಿಗೆ ಎಚ್ಚರ ಸ್ವಲ್ಪ ಜಾರುತ್ತದೆ. ಅದಕ್ಕೆ ಬಿಲ್ಲು, ಫೈಲು, ವಾಪಸ್ ಫೋನು ಮಾಡುವಂಥ ಕೆಲಸ ಇಟ್ಟುಕೊಳ್ಳಿ. ಒಳ್ಳೆಯ ಹೊತ್ತನ್ನು ಮೆಸೇಜಿಗೆ ಉತ್ತರ ಬರೆಯುತ್ತಾ ಕಳೆಯಬೇಡಿ ಅಂತ ಬೇರೆ ಹೇಳಬೇಕಾ?

ಇದು ಎಲ್ಲರಿಗೂ ಅಲ್ಲ ಅಂತಲೂ ಹೇಳಿಬಿಡುತ್ತೇನೆ. ರಾತ್ರಿ ಪಾಳಿಯವರ ಲೆಕ್ಕವೇ ಬೇರೆ. ಕೂಸು ಇರುವ ತಾಯಿಗೆ ಏಳು ಗಂಟೆ ಮಲಗಮ್ಮ ಅನ್ನುವುದು ತಮಾಷೆಯಾಗುತ್ತದೆ. ಎರಡು ವಾರ ಸರಿಯಾಗಿ ಮಲಗಿದ ಮೇಲೂ ಇಡೀ ದಿನ ಕೆಂಪೇ ಇದ್ದರೆ ಟೈಂಟೇಬಲ್ ಬದಿಗಿಟ್ಟು ವೈದ್ಯರನ್ನು ನೋಡಿ. ರಕ್ತ ಕಡಿಮೆ ಇರಬಹುದು, ಥೈರಾಯ್ಡ್ ಇರಬಹುದು, ಮನಸ್ಸು ಕುಗ್ಗಿರಬಹುದು. ಜೋರು ಗೊರಕೆ, ನಡುವೆ ಉಸಿರು ಕಟ್ಟಿದಂತಾಗುವುದು ಇದ್ದರಂತೂ ತಡ ಮಾಡಬೇಡಿ.

ಎಕ್ಸೆಲ್ ಮಹಾಶಯರು ತಿಂಗಳು ಬಿಟ್ಟು ಮತ್ತೆ ಬಂದರು. ಶೀಟಿನಲ್ಲಿ ಈಗ ನಿದ್ದೆಯ ಕಾಲಂ ಇತ್ತು, ನೀಲಿ ಬಣ್ಣದಲ್ಲಿ. ಹಸಿರು ಬೆಳಗ್ಗೆ ಹತ್ತೂವರೆಯಿಂದ ಒಂದರ ತನಕ ಬಂದು ಕೂತಿತ್ತು. ಮುಖದಲ್ಲಿ ಮಾತ್ರ ಖುಷಿ ಇರಲಿಲ್ಲ.

"ಏನಾಯ್ತು?" ಅಂದೆ.

"ಆ ಹೊತ್ತಿಗೇ ಮೇಡಂ, ದಿನಾ ಮೀಟಿಂಗ್ ಇರೋದು."