ಅವಕಾಶವಾದಿ ಬ್ಯಾಕ್ಟೀರಿಯಾ: ಜೊತೆಗಿದ್ದದ್ದೇ ರೋಗವಾಗುವ ಬಗೆ

ಈ ಪಾಠ ಓದುವಾಗ ‘ರೋಗಾಣು ಎಲ್ಲಿಂದ ಬಂತು?’ ಅನ್ನುವ ಪ್ರಶ್ನೆಯನ್ನು ಸ್ವಲ್ಪ ಬದಿಗಿಡಿ. ಇಲ್ಲಿ ಬರುವ ಬ್ಯಾಕ್ಟೀರಿಯಾಗಳು ದನದ ಮೂಗಿನಲ್ಲೋ ಹೊಟ್ಟೆಯಲ್ಲೋ ಕೊಟ್ಟಿಗೆಯ ಸಗಣಿಯಲ್ಲೋ ಮೊದಲೇ ಇರುತ್ತವೆ. ಕೇಳಬೇಕಾದದ್ದು, ಪ್ರಾಣಿಯಲ್ಲಿ ಏನು ಬದಲಾಯಿತು ಅಂತ.

ದನಗಳಿಗೆ ನ್ಯುಮೋನಿಯಾ ತರುವ ಮ್ಯಾನ್‌ಹೈಮಿಯಾ ಹೀಮೊಲಿಟಿಕಾ ಚೆನ್ನಾಗಿ ಅರ್ಥವಾದರೆ ಉಳಿದವು ಸುಲಭ. ಆರೋಗ್ಯವಂತ ದನದ ಟಾನ್ಸಿಲ್‌ನಲ್ಲಿ, ಮೂಗಿನ ಹಿಂಭಾಗದಲ್ಲಿ ಇದು ಸ್ವಲ್ಪವೇ ಇರುತ್ತದೆ. ಕರುವನ್ನು ಹಾಲು ಬಿಡಿಸಿ, ಲಾರಿಗೆ ತುಂಬಿ, ಮೇವು ನೀರಿಲ್ಲದೆ ದೂರ ಸಾಗಿಸಿದಾಗ ಒತ್ತಡದಿಂದ ಕಾರ್ಟಿಸಾಲ್ ಹಾರ್ಮೋನು ಏರುತ್ತದೆ, ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಇದೇ ಹೊತ್ತಿಗೆ ದನದ ಹರ್ಪಿಸ್ ವೈರಸ್-1ರಂಥದ್ದು ತಗುಲಿದರೆ, ಕಸವನ್ನು ಮೇಲಕ್ಕೆ ತಳ್ಳುವ ಶ್ವಾಸನಾಳದ ಸಿಲಿಯಾಗಳೂ ಹಾಳಾಗುತ್ತವೆ. ಮೂಗಿನಲ್ಲಿ ಈ ಬ್ಯಾಕ್ಟೀರಿಯಾದ ಎ1 ಸೀರೋಟೈಪ್ (ಒಂದು ಉಪವಿಧ) ವಿಪರೀತ ಬೆಳೆದು, ಉಸಿರಿನೊಂದಿಗೆ ಶ್ವಾಸಕೋಶಕ್ಕೆ ಇಳಿಯುತ್ತದೆ.

ಮುಂದಿನದು ನನಗೆ ಈ ಪಾಠದಲ್ಲೇ ಅತಿ ಮುಖ್ಯ ಅನ್ನಿಸುವ ಭಾಗ. ಇದು ಬಿಡುವ ಲ್ಯೂಕೋಟಾಕ್ಸಿನ್ ಎಂಬ ವಿಷ, ಮೆಲುಕು ಹಾಕುವ ಪ್ರಾಣಿಗಳ ಬಿಳಿ ರಕ್ತಕಣದ ಸಿಡಿ18 ಪ್ರೋಟೀನಿಗೆ ಅಂಟಿ ಕಣವನ್ನೇ ಒಡೆಯುತ್ತದೆ. ಕಾಪಾಡಲು ಬಂದ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳು ಒಡೆದಾಗ ಅವುಗಳ ಕಿಣ್ವಗಳು ಸೋರಿ ಶ್ವಾಸಕೋಶವನ್ನೇ ಸುಡುತ್ತವೆ. ಮರಣೋತ್ತರ ಪರೀಕ್ಷೆಯಲ್ಲಿ ಮುಂಭಾಗದ ಕೆಳಹಾಲೆಗಳು ಕಡುಗೆಂಪಾಗಿ ಗಟ್ಟಿಯಾಗಿರುತ್ತವೆ, ಮೇಲೆ ಫೈಬ್ರಿನ್‌ನ ಹಳದಿ ಪೊರೆ ಕಟ್ಟಿರುತ್ತದೆ.

ಫ್ಯೂಸೋಬ್ಯಾಕ್ಟೀರಿಯಂ ನೆಕ್ರೋಫೋರಂ, ದನದ ಮೊದಲ ಹೊಟ್ಟೆಯಾದ ರೂಮೆನ್‌ನ ಕಾಯಂ ನಿವಾಸಿ. ಒಮ್ಮೆಲೇ ಹೆಚ್ಚು ಧಾನ್ಯ ತಿನ್ನಿಸಿದರೆ ಆಮ್ಲ ಹೆಚ್ಚಿ ರೂಮೆನ್ ಗೋಡೆ ಹುಣ್ಣಾಗುತ್ತದೆ. ಲ್ಯಾಕ್ಟಿಕ್ ಆಮ್ಲವೇ ಈ ಬ್ಯಾಕ್ಟೀರಿಯಾಕ್ಕೆ ಆಹಾರ ಎಂಬುದನ್ನು ಮರೆಯಬೇಡಿ. ಹುಣ್ಣಿನಿಂದ, ಯಕೃತ್ತಿಗೆ ಹೋಗುವ ಪೋರ್ಟಲ್ ರಕ್ತನಾಳ ಸೇರಿ, ಯಕೃತ್ತಿನಲ್ಲಿ ಕೀವುಗಡ್ಡೆ ಕಟ್ಟುತ್ತದೆ.

ಕುರಿಮರಿಗಳ ಕರುಳುಬೇನೆಯೂ ಇದೇ ಜಾಡು: ಅತಿಯಾಗಿ ತಿಂದಾಗ ಕರುಳಲ್ಲಿರುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಡಿ ವಿಧ ಬೆಳೆದು ಎಪ್ಸಿಲಾನ್ ವಿಷ ಬಿಡುತ್ತದೆ. ಹಾಗಾಗಿ ಹಿಂಡಿನಲ್ಲಿ ದಷ್ಟಪುಷ್ಟವಾಗಿದ್ದ ಮರಿಯೇ ದಿಢೀರನೆ ಸಾಯುವುದುಂಟು.

ಕೆಚ್ಚಲು ಬಾವಿನ ಇ. ಕೋಲಿ ಬರುವುದು ಸಗಣಿಯಿಂದ. ಹಾಲು ಕರೆದ ಮೇಲೆ ಮೊಲೆತೊಟ್ಟಿನ ರಂಧ್ರ ಬಿಗಿಯಾಗಿ ಮುಚ್ಚಲು ಅರ್ಧದಿಂದ ಒಂದು ಗಂಟೆ ಬೇಕು, ಅಷ್ಟರಲ್ಲಿ ಹಸು ಮಲಗಿದರೆ ತೆರೆದ ರಂಧ್ರಕ್ಕೆ ಸಗಣಿ ತಾಗುತ್ತದೆ. ಕರೆದ ಕೂಡಲೇ ಮೇವು ಹಾಕಿ ಹಸುವನ್ನು ನಿಂತಿರುವಂತೆ ನೋಡಿಕೊಳ್ಳುವುದು ಅದಕ್ಕೇ.

ಪರೀಕ್ಷೆಯಲ್ಲೂ ಕೊಟ್ಟಿಗೆಯಲ್ಲೂ ಎಡವುವ ಜಾಗ ಒಂದಿದೆ. ಮೂಗಿನ ಸ್ವಾಬ್‌ನಲ್ಲಿ ಮ್ಯಾನ್‌ಹೈಮಿಯಾ ಬೆಳೆದ ಮಾತ್ರಕ್ಕೆ ನ್ಯುಮೋನಿಯಾಕ್ಕೆ ಅದೇ ಕಾರಣ ಅಂತ ಬರೆಯಬೇಡಿ. ಆರೋಗ್ಯವಂತ ದನದಲ್ಲೂ ಅದು ಸಿಗುತ್ತದೆ. ಶ್ವಾಸಕೋಶದಿಂದಲೇ ತೆಗೆದ ಮಾದರಿ ಬೇಕು.