ಮಟನ್ ಬಿಟ್ಟು ಮೀನು ಹಿಡಿದರೆ ಕನ್ನಡಿ ಬದಲಾಗುತ್ತದೆಯೇ?

ಬೆಳಗಾವಿಗೆ ಸಮುದ್ರ ಅಷ್ಟೇನೂ ದೂರವಿಲ್ಲ. ಚೋರ್ಲಾ ಘಾಟ್ ಇಳಿದರೆ ಗೋವಾ. ಅಲ್ಲಿಂದ, ಕಾರವಾರದ ಕಡೆಯಿಂದ ಐಸ್ ತುಂಬಿದ ಪೆಟ್ಟಿಗೆಗಳಲ್ಲಿ ಬಂಗಡೆ, ತಾರ್ಲೆ, ಸುರ್ಮಾಯಿ ಊರಿಗೆ ಬರುತ್ತವೆ. ಬಾಗಲಕೋಟೆ, ವಿಜಯಪುರದ ಕಡೆ ಹೋದರೆ ಮೀನು ಅಂದರೆ ಹೆಚ್ಚಾಗಿ ಹೊಳೆ ಮೀನು. ಆಲಮಟ್ಟಿ ಹಿನ್ನೀರಿನ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ. ಆದರೂ ಈ ಮೂರೂ ಜಿಲ್ಲೆಗಳ ಮಾಂಸಾಹಾರಿ ಮನೆಗಳಲ್ಲಿ ಭಾನುವಾರದ ಅಡುಗೆ ಅಂದರೆ ಮೊದಲು ನೆನಪಾಗುವುದು ಮಟನ್. ಹೊರಗೆ ಊಟಕ್ಕೆ ಹೋದರೆ ಸಾವಜಿ ಖಾನಾವಳಿ.

ಈಗ ಇಂಥ ಮನೆಗಳ ಕಾಲೇಜು ಹುಡುಗ ಹುಡುಗಿಯರಲ್ಲಿ ಕೆಲವರು ತಾವು ಪೆಸ್ಕಟೇರಿಯನ್ ಅನ್ನುತ್ತಿದ್ದಾರೆ. ಮಟನ್ ಇಲ್ಲ, ಚಿಕನ್ ಇಲ್ಲ. ಕಾಳು, ತರಕಾರಿ, ಹಾಲು, ಬೇಕಾದರೆ ಮೊಟ್ಟೆ, ಜೊತೆಗೆ ಮೀನು. ಬೆಳಗಾವಿಯಲ್ಲಿ ಓದುತ್ತಿರುವ ನಮ್ಮಣ್ಣನ ಮಗಳೂ ಹೀಗೆ ಮಾಡಿದಳು. ಯಾಕವಾ ಅಂತ ಕೇಳಿದೆ. "ಕಾಕಾ, ಕನ್ನಡಿ ಮುಂದ ನಿಂತ್ರ ನನಗ ನಾನ ಸೇರಂಗಿಲ್ಲ. ಮಟನ್ ಬಿಟ್ರ ತೆಳ್ಳಗ ಆಗ್ತೀನಿ ಅಲ್ಲಾ?" ಅಂದಳು.

ಅವಳ ಮಾತಿನಲ್ಲಿ ಎರಡು ವಿಷಯ ಸೇರಿಕೊಂಡಿವೆ. ಒಂದು ತಟ್ಟೆಯದು, ಇನ್ನೊಂದು ಕನ್ನಡಿಯದು. ಎರಡಕ್ಕೂ ಒಂದೇ ಉತ್ತರ ಹುಡುಕಲು ಹೋದರೆ ಮಕ್ಕಳು ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ. ಅದಕ್ಕೇ ಇವನ್ನು ಬಿಡಿಸಿ ನೋಡೋಣ.

ತಟ್ಟೆಯ ವಿಷಯ ಸುಲಭ. ಮೀನು ಒಳ್ಳೆಯ ಊಟ, ಅದರಲ್ಲಿ ಅನುಮಾನ ಬೇಡ. 100 ಗ್ರಾಂ ಮೀನಿನಲ್ಲಿ ಸುಮಾರು 17ರಿಂದ 20 ಗ್ರಾಂ ಪ್ರೋಟೀನ್ ಇರುತ್ತದೆ. ಆದರೆ ಚಿಕನ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ ಇದೆ. ಹಾಗಾಗಿ ಮೀನಿನ ವಿಶೇಷ ಪ್ರೋಟೀನ್ ಅಲ್ಲ, ಅದರ ಕೊಬ್ಬು. ಮಾರುಕಟ್ಟೆಯಲ್ಲಿ ಒಂದು ಬಂಗಡೆಯನ್ನು ಹತ್ತಿರದಿಂದ ನೋಡಿ. ಮಾರುವಾಕೆ ಹೆಬ್ಬೆರಳಿನಿಂದ ಕಿವಿರು ಎತ್ತಿ ಒಳಗಿನ ಕೆಂಪು ತೋರಿಸುತ್ತಾಳೆ. ಕೆಂಪಾಗಿದ್ದರೆ ತಾಜಾ, ಕಂದು ತಿರುಗಿದ್ದರೆ ಹಳೆಯದು. ಮೀನು ಹೆಚ್ಚಿದಾಗ ಚರ್ಮದ ಕೆಳಗೆ ಉದ್ದಕ್ಕೂ ಕಡುಗೆಂಪು ಮಾಂಸದ ಪಟ್ಟಿ ಕಾಣುತ್ತದೆ. ದಿನವಿಡೀ ಈಜುವ ಮೀನಿಗೆ ಬೇಕಾದ ಸ್ನಾಯು ಅದು. ಚಾಕುವಿನ ಮೇಲೆ ತೆಳ್ಳಗೆ ಎಣ್ಣೆ ಹೊಳೆಯುತ್ತದಲ್ಲ, ಅದರಲ್ಲೇ ಒಮೆಗಾ-3 ಅನ್ನುವ ಕೊಬ್ಬಿನ ಬಳಗದ ಇಪಿಎ, ಡಿಎಚ್‌ಎ ಇರುವುದು.

ಈ ಡಿಎಚ್‌ಎ ನಮ್ಮ ಮಿದುಳಿನಲ್ಲಿ, ಕಣ್ಣಿನ ರೆಟಿನಾದಲ್ಲಿ ಧಾರಾಳವಾಗಿದೆ. ಮೀನಿಗೆ ಇದು ಬರುವುದು ಬಹುಪಾಲು ಊಟದಿಂದ. ಸಮುದ್ರದ ಸೂಕ್ಷ್ಮ ಪಾಚಿಗಳು ಇದನ್ನು ತಯಾರಿಸುತ್ತವೆ. ಪಾಚಿಯನ್ನು ಸಣ್ಣ ಜೀವಿಗಳು ತಿನ್ನುತ್ತವೆ, ಅವನ್ನು ತಾರ್ಲೆ, ಬಂಗಡೆ ತಿನ್ನುತ್ತವೆ. ನಮ್ಮ ಮನೆಗಳ ಅಗಸಿ ಚಟ್ನಿಯಲ್ಲೂ ಒಮೆಗಾ-3 ಇದೆ. ಅದು ಎಎಲ್‌ಎ ಅನ್ನುವ ಬೇರೆ ಬಗೆ, ನಮ್ಮ ದೇಹ ಅದರಲ್ಲಿ ತೀರಾ ಸ್ವಲ್ಪವನ್ನು ಮಾತ್ರ ಡಿಎಚ್‌ಎ ಆಗಿ ಬದಲಿಸಿಕೊಳ್ಳುತ್ತದೆ. ಹಾಗಂತ ಅಗಸಿ ಬಿಡಬೇಡಿ, ನಾರು ಮತ್ತು ರುಚಿ ಎರಡೂ ಅದರಲ್ಲಿವೆ. ಕಾಟ್ಲಾ, ರೋಹುಗಳಲ್ಲಿ ಈ ಕೊಬ್ಬು ಸಮುದ್ರದ ಎಣ್ಣೆ ಮೀನುಗಳಿಗಿಂತ ಕಡಿಮೆ. ಪ್ರೋಟೀನ್, ಬಿ12 ವಿಷಯದಲ್ಲಿ ಹೊಳೆ ಮೀನು ಹಿಂದೆ ಬೀಳುವುದಿಲ್ಲ. ಬೆಲೆಯೂ ನಮ್ಮ ಕಡೆ ಅದರದ್ದೇ ಕೈಗೆಟುಕುವುದು.

ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ವಾರಕ್ಕೆ ಎರಡು ಸಲ ಮೀನು ತಿನ್ನಿ ಅನ್ನುತ್ತದೆ. ಎರಡು ಸಲ ಸಾಕು. ಬೇರೆ ಮೀನು ತಿನ್ನುವ ಸುರ್ಮಾಯಿಯಂಥ ದೊಡ್ಡ ಮೀನುಗಳ ಮೈಯಲ್ಲಿ ಪಾದರಸ ಜಾಸ್ತಿ ಸೇರುತ್ತದೆ. ಬಂಗಡೆ, ತಾರ್ಲೆ ಚಿಕ್ಕವು, ಅಗ್ಗ, ಪಾದರಸವೂ ಕಡಿಮೆ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆಗ ಒಣಮೀನು ತಿನ್ನುವವರು ಹೆಚ್ಚು. ಒಣಮೀನಿನಲ್ಲಿ ಉಪ್ಪು ವಿಪರೀತ, ಬಿಪಿ ಇದ್ದವರು ನೋಡಿಕೊಂಡು ತಿನ್ನಬೇಕು.

ಸರಿ, ತೂಕ? ಅಮೆರಿಕ, ಕೆನಡಾದ ಅಡ್ವೆಂಟಿಸ್ಟ್ ಅನ್ನುವ ಕ್ರೈಸ್ತ ಪಂಥದವರ ಮೇಲೆ ನಡೆದ ದೊಡ್ಡ ಅಧ್ಯಯನ ಒಂದಿದೆ. ಸುಮಾರು 61 ಸಾವಿರ ಜನರ ಲೆಕ್ಕ 2009ರಲ್ಲಿ ಪ್ರಕಟವಾಯಿತು. ಮಾಂಸ ತಿನ್ನುವವರ ಸರಾಸರಿ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ಎಷ್ಟು ಅಂತ ಹೇಳುವ ಅಂಕಿ) 28.8, ಮಾಂಸ ಬಿಟ್ಟು ಮೀನು ತಿನ್ನುವವರದ್ದು 26.3. ಐದಡಿ ಮೂರು ಇಂಚಿನವರಿಗೆ ಇದು ಆರೂವರೆ ಕೆಜಿಯಷ್ಟು ವ್ಯತ್ಯಾಸ. ಕೇಳಲು ಚೆನ್ನಾಗಿದೆ. ಆದರೆ ಆಹಾರದ ಬಗ್ಗೆ ಯೋಚಿಸಿ ತಿನ್ನುವವರು ನಡಿಗೆ, ನಿದ್ದೆ, ಉಳಿದ ಊಟ ಎಲ್ಲದರಲ್ಲೂ ಬೇರೆಯಾಗಿರುತ್ತಾರೆ. ಅದರಲ್ಲಿ ಮೀನಿನ ಪಾಲೆಷ್ಟು ಅಂತ ಇಂಥ ಅಧ್ಯಯನದಿಂದ ತೆಗೆಯಲಾಗದು. ಇನ್ನು ಅಡುಗೆಮನೆಯ ಲೆಕ್ಕ ಬೇರೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ. ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸಿ ಕರಿದ ಬಂಗಡೆಗಿಂತ ಮಟನ್‌ನ ತಿಳಿ ಸಾರೇ ಹಗುರವಾಗಿರಬಹುದು.

ಹೊಸ ಡಯಟ್ ಹಿಡಿದ ಮೊದಲ ವಾರದಲ್ಲೇ ಎರಡು ಕೆಜಿ ಇಳಿಯಿತು ಅಂತ ಖುಷಿಪಡುವವರಿಗೆ ಇನ್ನೊಂದು ಮಾತು. ನಮ್ಮ ಯಕೃತ್ತು, ಸ್ನಾಯುಗಳಲ್ಲಿ ಸಕ್ಕರೆಯು ಗ್ಲೈಕೋಜನ್ ರೂಪದಲ್ಲಿ ಕೂಡಿರುತ್ತದೆ. ಪ್ರತಿ ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ರೊಟ್ಟಿ, ಅನ್ನ ಕಡಿಮೆ ಮಾಡಿದ ಕೂಡಲೇ ಗ್ಲೈಕೋಜನ್ ಖರ್ಚಾಗಿ ಆ ನೀರು ಹೊರಗೆ ಹೋಗುತ್ತದೆ. ಆ ಎರಡು ಕೆಜಿಯಲ್ಲಿ ಬಹುಪಾಲು ನೀರೇ. ಮತ್ತೆ ಸರಿಯಾಗಿ ಉಂಡ ದಿನ ವಾಪಸ್ ಬರುತ್ತದೆ. ಅದನ್ನು ನೋಡಿ ಹುಡುಗಿ ತನ್ನನ್ನೇ ಬೈದುಕೊಳ್ಳುತ್ತಾಳೆ. ಸುಮ್ನೆ ಸಂಕಟ.

ಈಗ ಕನ್ನಡಿಗೆ ಬರೋಣ. ನನಗೆ ಹೆಚ್ಚು ಚಿಂತೆ ಇರುವುದು ಇಲ್ಲೇ.

ಕನ್ನಡಿಯಲ್ಲಿ ಕಾಣುವುದು ಬರೀ ಗಾಜಿನ ಪ್ರತಿಬಿಂಬ ಅಲ್ಲ. ನಮ್ಮ ದೇಹದ ಬಗ್ಗೆ ಮಿದುಳು ತಾನೇ ಒಂದು ಚಿತ್ರ ಇಟ್ಟುಕೊಂಡಿರುತ್ತದೆ. ಆಸ್ಟ್ರಿಯಾ ಮೂಲದ ಮನೋವೈದ್ಯ ಪೌಲ್ ಶಿಲ್ಡರ್ 1935ರಲ್ಲೇ ಇದರ ಬಗ್ಗೆ ವಿವರವಾಗಿ ಬರೆದಿದ್ದರು. ಈ ಚಿತ್ರ ದಿನದಿನಕ್ಕೂ ಅಲ್ಲಾಡುತ್ತದೆ. ತೀರಾ ತೆಳ್ಳಗಿನ ದೇಹಗಳ ಫೋಟೊಗಳನ್ನು ಕೆಲವೇ ನಿಮಿಷ ನೋಡಿದವರಿಗೆ ಆಮೇಲೆ ಸಾಮಾನ್ಯ ದೇಹವೇ ದಪ್ಪ ಕಾಣುತ್ತದೆ ಅಂತ ಪ್ರಯೋಗಗಳು ತೋರಿಸಿವೆ. ಗೋಕಾಕ ಕರದಂಟು ತಿಂದ ಮೇಲೆ ಚಹಾ ಕುಡಿದರೆ ಸಪ್ಪೆ ಅನ್ನಿಸುವುದಿಲ್ಲವೇ, ಹಾಗೆಯೇ. ಚಹಾದಲ್ಲಿ ಸಕ್ಕರೆ ಮೊದಲಿನಷ್ಟೇ ಇದೆ, ಬದಲಾದದ್ದು ನಾಲಿಗೆ. ರಾತ್ರಿ ಹೊತ್ತು ಮೊಬೈಲ್‌ನಲ್ಲಿ ರೀಲ್ಸ್ ಮೇಲೆ ರೀಲ್ಸ್ ನೋಡುವ ಮಕ್ಕಳ ಕಣ್ಣಿಗೆ ಆಗುತ್ತಿರುವುದೂ ಇದೇ.

ಮೀನು ಉಣ್ಣುವ ಜನರ ನಡುವೆಯೇ ನಡೆದ ಒಂದು ಅಧ್ಯಯನ ಹೇಳುತ್ತೇನೆ. ಫಿಜಿ ದ್ವೀಪದ ನದ್ರೋಂಗಾ ಪ್ರಾಂತ್ಯಕ್ಕೆ 1995ರಲ್ಲಿ ಟಿವಿ ಬಂತು. ಅಲ್ಲಿ ಮೈತುಂಬಿದ ದೇಹಕ್ಕೆ ಮೊದಲಿನಿಂದಲೂ ಮರ್ಯಾದೆ. ಹಾರ್ವರ್ಡ್‌ನ ಸಂಶೋಧಕಿ ಆ್ಯನ್ ಬೆಕರ್ ಟಿವಿ ಬಂದ ಹೊಸತರಲ್ಲಿ ಒಮ್ಮೆ, 1998ರಲ್ಲಿ ಮತ್ತೊಮ್ಮೆ ಶಾಲಾ ಹುಡುಗಿಯರನ್ನು ಮಾತನಾಡಿಸಿದರು. ಊಟದ ಬಗ್ಗೆ ಕಳವಳಕಾರಿ ಧೋರಣೆ ಇದ್ದವರು 12.7%ರಿಂದ 29.2%ಕ್ಕೆ ಏರಿದ್ದರು. ತೂಕ ಇಳಿಸಲು ವಾಂತಿ ಮಾಡಿಕೊಳ್ಳುವವರು ಮೊದಲು ಒಬ್ಬರೂ ಇರಲಿಲ್ಲ, ಮೂರು ವರ್ಷಕ್ಕೆ 11.3% ಆಗಿದ್ದರು. ಊಟ ಅದೇ ದ್ವೀಪದ್ದು, ಹೊಸದಾಗಿ ಬಂದದ್ದು ಟಿವಿ.

ನಮ್ಮಲ್ಲಿ ಪರದೆಗಿಂತ ಮೊದಲು ಶುರು ಮಾಡುವವರು ನಾವೇ. ಲಗ್ನಕ್ಕೆ ಹೋದರೆ ಬಾಗಿಲಲ್ಲೇ ಯಾರೋ ಅತ್ತಿ, "ಯಾಕವಾ, ಭಾಳ ದಪ್ಪ ಆಗೀಯಲ್ಲ" ಅನ್ನುತ್ತಾರೆ. ಆರು ತಿಂಗಳಾದ ಮೇಲೆ ಅದೇ ಅತ್ತಿ, "ಏನವಾ, ಇಷ್ಟ್ಯಾಕ ಸೊರಗೀಯ" ಅನ್ನುತ್ತಾರೆ. ಅವರ ಮನಸ್ಸಿನಲ್ಲಿ ಪ್ರೀತಿ ಇರುತ್ತದೆ, ನಿಜ. ಆದರೆ ಹದಿನೆಂಟರ ಹುಡುಗಿ ಆ ಮಾತು ಹೊತ್ತುಕೊಂಡು ಮನೆಗೆ ಹೋಗಿ ಊಟ ಬಿಡುತ್ತಾಳೆ. ದಯವಿಟ್ಟು ಈ ಮಾತು ನಿಲ್ಲಿಸೋಣ. ಹುಡುಗರದ್ದೂ ಇದೇ ಪಾಡು, ಅವರಿಗೆ ತೋಳು ಸಣ್ಣ ಅನ್ನುವ ಕೊರಗು.

ಬಿಎಂಐ ಅನ್ನುವ ಅಂಕಿಗೂ ಇಷ್ಟು ಹೆದರಬೇಕಿಲ್ಲ. ಆ ಸೂತ್ರ ಕಟ್ಟಿದವನು ಬೆಲ್ಜಿಯಂನ ಅಡಾಲ್ಫ್ ಕೆಟಲೆ, 1830ರ ದಶಕದಲ್ಲಿ. ಖಗೋಳ ಮತ್ತು ಗಣಿತದ ಮನುಷ್ಯ. ಅವನಿಗೆ ಬೇಕಿದ್ದದ್ದು ಸಾವಿರಾರು ಜನರ ಸರಾಸರಿ, ಒಬ್ಬಳ ಆರೋಗ್ಯದ ತೀರ್ಪಲ್ಲ. ನಮ್ಮ ಪಕ್ಕದ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್, ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ 2004ರಲ್ಲಿ ಇದನ್ನು ತಮ್ಮ ಮೈಮೇಲೇ ತೋರಿಸಿದರು. ಇಬ್ಬರ ಬಿಎಂಐ 22.3. ಒಬ್ಬರ ಮೈಯಲ್ಲಿ ಕೊಬ್ಬು 9.1%, ಇನ್ನೊಬ್ಬರದ್ದು 21.2%. ಹೆಚ್ಚಿದ್ದದ್ದು ನಮ್ಮ ಪುಣೆಯವರಲ್ಲಿ. ಇದನ್ನು ಓದಿ ಯಾರೂ ಗಾಬರಿಯಾಗಬೇಡಿ. ಆರೋಗ್ಯ ತಿಳಿಯಬೇಕಾದರೆ ರಕ್ತ ಪರೀಕ್ಷೆ, ಬಿಪಿ, ಸೊಂಟದ ಅಳತೆ ಇವೆ. ಕನ್ನಡಿಗೆ ಅದು ಗೊತ್ತಾಗುವುದಿಲ್ಲ.

ಈ ಅಂಕಿಗೆ ಬಿಎಂಐ ಅಂತ ಹೆಸರಿಟ್ಟವರು ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್, 1972ರಲ್ಲಿ. ಉಪವಾಸ ಮನುಷ್ಯನ ಮನಸ್ಸಿಗೆ ಏನು ಮಾಡುತ್ತದೆ ಅಂತ ತೋರಿಸಿದ್ದೂ ಇದೇ ಕೀಸ್. ಎರಡನೇ ಮಹಾಯುದ್ಧದ ಕೊನೆಯಲ್ಲಿ ಮಿನೆಸೋಟದಲ್ಲಿ 36 ಆರೋಗ್ಯವಂತ ಗಂಡಸರು ಸ್ವಇಚ್ಛೆಯಿಂದ 24 ವಾರ ಅರೆಹೊಟ್ಟೆಯಲ್ಲಿದ್ದರು. ತೂಕದಲ್ಲಿ ಸುಮಾರು ಕಾಲುಭಾಗ ಹೋಯಿತು. ಚಳಿ, ಸಿಡಿಮಿಡಿ, ಬೇಸರ. ಹಗಲಿರುಳೂ ಊಟದ್ದೇ ಯೋಚನೆ, ಕೆಲವರು ಅಡುಗೆ ಪುಸ್ತಕ ಓದುತ್ತಾ ಕೂತರು. ಮೊದಲು ಅವರ ಮನಸ್ಸು ಸರಿಯಿಲ್ಲದೆ ಹೀಗಾದದ್ದಲ್ಲ, ಹಸಿವೇ ಮನಸ್ಸನ್ನು ಹೀಗೆ ಮಾಡಿತ್ತು. ಇದರ ಹಿಂದಿನ ಒಂದು ಕಾರಣ 1994ರಲ್ಲಿ ಸಿಕ್ಕಿತು. ನಮ್ಮ ಕೊಬ್ಬಿನ ಕೋಶಗಳು ಲೆಪ್ಟಿನ್ ಅನ್ನುವ ಹಾರ್ಮೋನ್ ಬಿಡುತ್ತವೆ. ಕೊಬ್ಬು ಇಳಿದರೆ ಲೆಪ್ಟಿನ್ ಇಳಿಯುತ್ತದೆ, ಮಿದುಳು ಹಸಿವು ಏರಿಸುತ್ತದೆ, ದೇಹದ ಶಕ್ತಿಯ ಖರ್ಚು ತಗ್ಗಿಸುತ್ತದೆ. ಡಯಟ್ ಮಾಡುವ ಹುಡುಗಿ ರಾತ್ರಿ ಎದ್ದು ಡಬ್ಬಿ ತೆಗೆದರೆ ಅವಳ ಮನಸ್ಸು ದುರ್ಬಲ ಅಂತ ತಿಳಿಯಬೇಡಿ. ಅವಳ ದೇಹ ತನ್ನ ಕೆಲಸ ಮಾಡುತ್ತಿದೆ.

ಹಾಗಾಗಿ ಮೀನಿಗೆ ಬದಲಾಗುವವರನ್ನು ನಾನು ಕೇಳುವುದು ಒಂದೇ: ತಟ್ಟೆಗೆ ಏನಾದರೂ ಹೊಸದು ಬಂತಾ, ಅಥವಾ ಬರೀ ಒಂದೊಂದೇ ಹೊರಗೆ ಹೋಗುತ್ತಿದೆಯಾ? ಮೊದಲು ಮಟನ್, ಆಮೇಲೆ ಚಿಕನ್, ಆಮೇಲೆ ಅನ್ನ, ಆಮೇಲೆ ರಾತ್ರಿ ಊಟ ಅಂತ ಹೋಗುತ್ತಿದ್ದರೆ ಅದು ಆಹಾರ ಪದ್ಧತಿ ಅಲ್ಲ. "ನಾನು ಅದು ತಿನ್ನಲ್ಲ" ಅನ್ನುವ ಮಾತು ಮನೆಯಲ್ಲಿ ಯಾರಿಗೂ ಅನುಮಾನ ಬಾರದಂತೆ ಊಟ ಬಿಡಲು ನೆಪವಾಗಬಹುದು. ಪ್ರಾಣಿದಯೆಗೋ ರುಚಿಗೋ ಮಾಂಸ ಬಿಟ್ಟವರಿಗಿಂತ ತೂಕಕ್ಕಾಗಿ ಬಿಟ್ಟವರ ಮೇಲೆ ಹೆಚ್ಚು ಕಣ್ಣಿಡಬೇಕು.

ನಮ್ಮ ಹುಡುಗಿಗೆ ನಾನು ಹೇಳಿದ್ದು ಇದು. ಮೀನು ತಿನ್ನು, ಮೀನಿನ ಸಲುವಾಗಿ ತಿನ್ನು. ಜೋಳದ ರೊಟ್ಟಿ ಬಿಡಬೇಡ. ಮಟನ್ ಬಿಟ್ಟರೆ ಕಬ್ಬಿಣಾಂಶ ಕಡಿಮೆಯಾಗಬಹುದು, ಮೀನಿನಲ್ಲಿ ಅದು ಅಷ್ಟಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57% ಜನರಿಗೆ ರಕ್ತಹೀನತೆ ಇದೆ. ಆದರೆ ಮೀನಿಗೆ ಒಂದು ಗುಣವಿದೆ. ಜೊತೆಗೆ ಉಂಡ ರೊಟ್ಟಿ, ಕಾಳು, ಸೊಪ್ಪಿನ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ಅದು ನೆರವಾಗುತ್ತದೆ. ಒಂದು ಹೋಳು ನಿಂಬೆ ಹಿಂಡಿದರೆ ಇನ್ನೂ ಒಳ್ಳೆಯದು. ಊಟದ ಬೆನ್ನಿಗೇ ಚಹಾ ಬೇಡ, ಅದು ಕಬ್ಬಿಣವನ್ನು ತಡೆಯುತ್ತದೆ.

ಕನ್ನಡಿಯ ಕೊರಗಿಗೆ ಮನಃಶಾಸ್ತ್ರಜ್ಞರ ಬಳಿ ಬೇರೆ ದಾರಿ ಇದೆ. ದೇಹ ಹೇಗೆ ಕಾಣುತ್ತದೆ ಅನ್ನುವುದನ್ನು ಬಿಟ್ಟು ಅದು ಏನೇನು ಮಾಡುತ್ತದೆ ಅಂತ ಬರೆಸುತ್ತಾರೆ. ಗುಡ್ಡ ಹತ್ತಿದ್ದು, ತಮ್ಮನನ್ನು ಎತ್ತಿಕೊಂಡದ್ದು, ಹಾಡಿದ್ದು, ನಿದ್ದೆ ಮಾಡಿದ್ದು. ಹೀಗೆ ಬರೆದವರಲ್ಲಿ ದೇಹದ ಬಗೆಗಿನ ಅಸಮಾಧಾನ ಕಡಿಮೆಯಾದದ್ದು ಪ್ರಯೋಗಗಳಲ್ಲಿ ಕಂಡಿದೆ. ನಮ್ಮ ಬೆಳಗಾವಿ ಕಡೆಯ ಗರಡಿ ಮನೆಗಳಲ್ಲಿ ಇದೇ ರೂಢಿ ಅಲ್ವಾ? ಪೈಲವಾನನ ಹೊಟ್ಟೆ ಎಷ್ಟಿದೆ ಅಂತ ಅಲ್ಲಿ ಯಾರೂ ನೋಡುವುದಿಲ್ಲ, ಅವನ ಪಟ್ಟು ಹೇಗಿದೆ ಅಂತ ನೋಡುತ್ತಾರೆ.

ಮನೆಯವರು ಕೆಲವು ಸೂಚನೆಗಳನ್ನು ಮಾತ್ರ ಲಘುವಾಗಿ ತೆಗೆದುಕೊಳ್ಳಬಾರದು. ಮುಟ್ಟು ನಿಲ್ಲುವುದು, ಬಿಸಿಲಲ್ಲೂ ಚಳಿ ಅನ್ನುವುದು, ಕೂದಲು ಉದುರುವುದು, ಊಟವಾದ ಕೂಡಲೇ ಬಚ್ಚಲಿಗೆ ಹೋಗುವುದು, ದಿನಕ್ಕೆ ಹಲವು ಸಲ ತೂಕ ನೋಡುವುದು, ಎಲ್ಲರ ಜೊತೆ ಕೂತು ಉಣ್ಣಲು ತಪ್ಪಿಸಿಕೊಳ್ಳುವುದು. ಇವು ಕಂಡರೆ ಬೈಯಬೇಡಿ, ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ನಮ್ಮ ಕಡೆಯೇ ಇದೆ. ಅಲ್ಲಿಯವರೆಗೆ ಹೋಗಲು ಮುಜುಗರವಾದರೆ ಟೆಲಿ-ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ಹಗಲೂ ರಾತ್ರಿಯೂ ಇರುತ್ತದೆ, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತನಾಡುತ್ತಾರೆ.